ಒಬ್ಬರ ಬಳಕೆಗೆ ಮಾತ್ರ

ಶಂಕರಪುರಂ, ಬೆಂಗಳೂರು
4 ಜೂನ್ 2025

ಜಗಲಿ ಸಂಸ್ಥೆಯ ವ್ಯವಸ್ಥಾಪಕರಿಗೆ,

ನಮಸ್ಕಾರ. ನಾನು ಸುಬ್ಬಮ್ಮ. ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ, ಹಾಗಾಗಿ ನಿವೃತ್ತಿಯ ಮೇಲೆ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಬರೆಯುವುದನ್ನು ಕಲಿತೆ. ಬರೆಯಲು ನಿಮ್ಮ ‘ಜಗಲಿ’ ಎಂಬ ಎಡಿಟರನ್ನೇ ಬಳಸುತ್ತೇನೆ. ಮೆನುವಿನಿಂದ ಹಿಡಿದು ತಪ್ಪು ತೋರಿಸುವ ಸಾಲಿನ ತನಕ ಎಲ್ಲವೂ ಕನ್ನಡದಲ್ಲಿರುವ ಎಡಿಟರ್ ನನಗೆ ಬೇರೆ ಸಿಕ್ಕಿಲ್ಲ. ಹೊಗಳಿಕೆ ಇಷ್ಟು ಸಾಕು, ಇನ್ನು ದೂರಿಗೆ ಬರುತ್ತೇನೆ.

ಪ್ರತಿ ತಿಂಗಳ ಒಂದನೇ ತಾರೀಖು ನೀವು ಹೊಸ ಆವೃತ್ತಿ ಬಿಡುತ್ತೀರಿ. ಸಂತೋಷ. ಆದರೆ ಈ ತಿಂಗಳು ‘ಓಡಿಸು’ ಎಂಬ ಬಟನ್ ಬಲಗಡೆಯಿಂದ ಎಡಗಡೆಗೆ ಹೋಗಿದೆ, ಅದು ಇದ್ದ ಜಾಗದಲ್ಲಿ ‘ಅಳಿಸು’ ಬಂದು ಕೂತಿದೆ. ಕೈಗೆ ಹಳೆಯ ಅಭ್ಯಾಸ. ವಾರವಿಡೀ ಕೂತು ಬರೆದ ರವಿಕೆ ಅಳತೆಯ ಪ್ರೋಗ್ರಾಂ ಒಂದೇ ಏಟಿಗೆ ಮಾಯವಾಯಿತು. ಮನೆಗೆ ಬಂದ ನೆಂಟರು ಉಪ್ಪಿನ ಡಬ್ಬಿಯ ಜಾಗದಲ್ಲಿ ಸಕ್ಕರೆ ಡಬ್ಬಿ ಇಟ್ಟು ಹೋದರೆ ಅವರನ್ನು ಇನ್ನೊಮ್ಮೆ ಅಡುಗೆಮನೆಗೆ ಬಿಡುತ್ತೇವೆಯೇ? ನೀವೇ ಹೇಳಿ.

ಆವೃತ್ತಿಯ ಜೊತೆ ನೀವು ಕಳಿಸುವ ‘ಈ ತಿಂಗಳ ಹೊಸತು’ ಎಂಬ ಪುಟವನ್ನು ನಾನು ಪೂರ್ತಿ ಓದುತ್ತೇನೆ. ಬಟನ್ ಸರಿದ ಸಂಗತಿಯನ್ನು ಅದರಲ್ಲಿ ಕಟ್ಟಕಡೆಗೆ, ‘ಇತರೆ’ ಎಂಬುದರ ಕೆಳಗೆ ಹಾಕಿದ್ದೀರಿ. ಮದುವೆ ಕರೆಯೋಲೆಯಲ್ಲಿ ಮುಹೂರ್ತವನ್ನು ‘ಇತರೆ’ ಎಂದು ಹಾಕಿದ ಹಾಗಾಯಿತು. ಇನ್ನು ಮುಂದೆ ಯಾವುದನ್ನಾದರೂ ಸರಿಸಬೇಕೆನಿಸಿದರೆ ಮೊದಲು ಬಳಸುವವರನ್ನು ಕೇಳಿ. ಯಾರೂ ಸಿಗದಿದ್ದರೆ ನನ್ನನ್ನು ಕೇಳಿ.

ಇಂತಿ,
ಸುಬ್ಬಮ್ಮ


6 ಜೂನ್ 2025

ಮಾನ್ಯ ಸುಬ್ಬಮ್ಮ ಮೇಡಂ ಅವರಿಗೆ,

ನಮಸ್ಕಾರ. ನಿಮ್ಮ ಇ-ಮೇಲ್ ಪತ್ರದಿಂದ ನಮ್ಮ ತಂಡದಲ್ಲಿ ದೊಡ್ಡ ಚರ್ಚೆಯೇ ಆಯಿತು. ಬಟನ್ ಎಡಗಡೆಯೇ ಇರಲಿ ಎಂದು ವಾದಿಸಿದವರು ಸೋತರು. ಜುಲೈ ಆವೃತ್ತಿಯಲ್ಲಿ ಅದು ತನ್ನ ಹಳೆಯ ಜಾಗಕ್ಕೆ ಬರುತ್ತದೆ. ಅದಲ್ಲದೆ, ‘ಅಳಿಸು’ ಒತ್ತಿದರೆ ಇನ್ನು ಮುಂದೆ ಜಗಲಿ ‘ನಿಜವಾಗಿಯೂ?’ ಎಂದು ಒಮ್ಮೆ ಕೇಳುತ್ತದೆ. ಅಳಿಸಿದ್ದನ್ನು ಮೂವತ್ತು ದಿನ ಬುಟ್ಟಿಯಲ್ಲಿ ಇಟ್ಟುಕೊಳ್ಳುತ್ತದೆ. ನಿಮ್ಮ ರವಿಕೆಯ ಲೆಕ್ಕ ಹೋದದ್ದಕ್ಕೆ ಮನಸ್ಸಿಗೆ ನಿಜಕ್ಕೂ ಬೇಜಾರಾಗಿದೆ.

‘ಈ ತಿಂಗಳ ಹೊಸತು’ ಪುಟವನ್ನು ಪೂರ್ತಿ ಓದುತ್ತೇನೆ ಎಂದು ಬರೆದಿದ್ದೀರಿ. ಆ ಸಾಲನ್ನು ನಾನು ಮತ್ತೆ ಮತ್ತೆ ಓದಿದೆ.

ಜಗಲಿಯನ್ನು ಮುಂದಿನ ವರ್ಷವೂ ನಡೆಸಬೇಕೋ ಬೇಡವೋ ಎಂದು ನಾವಿನ್ನೂ ತೀರ್ಮಾನಿಸಿಲ್ಲ. ಡಿಸೆಂಬರ್ ತನಕವಂತೂ ತಿಂಗಳಿಗೊಂದು ಆವೃತ್ತಿ ಬರುತ್ತದೆ. ಅಂದ ಹಾಗೆ, ನಿಮ್ಮ ಕಡೆ ಜಗಲಿಯನ್ನು ಎಷ್ಟು ಜನ ಬಳಸುತ್ತಾರೆ? ಸುಮ್ಮನೆ ಕೇಳಿದೆ.

ವಿಶ್ವಾಸಿ,
ನಂದೀಶ್
ಜಗಲಿ ತಂಡದ ಪರವಾಗಿ


ಶಂಕರಪುರಂ
3 ಜುಲೈ 2025

ಶ್ರೀಯುತ ನಂದೀಶ್ ಅವರಿಗೆ,

ಬಟನ್ ಮನೆಗೆ ಮರಳಿದೆ. ನಿಮ್ಮ ತಂಡದಲ್ಲಿ ಎಡಗಡೆಯ ಪರ ವಾದಿಸಿ ಸೋತವರಿಗೆ ನನ್ನ ಕಡೆಯಿಂದ ಸಮಾಧಾನ ಹೇಳಿ.

ಎಷ್ಟು ಜನ ಬಳಸುತ್ತಾರೆ ಎಂದು ಕೇಳಿದ್ದೀರಿ. ನಾನೊಬ್ಬಳೇ. ಬೇರೆ ಯಾರೂ ಇಲ್ಲ. ಜಗಲಿಯನ್ನು ಮೊದಲ ಸಲ ತೆರೆದಾಗ ಬರುವ ‘ಈ ಪ್ರತಿ ಒಬ್ಬರ ಬಳಕೆಗೆ ಮಾತ್ರ, ನಕಲು ಮಾಡುವುದು ಶಿಕ್ಷಾರ್ಹ’ ಎಂಬ ಸಾಲನ್ನು ನಾನು ಕಣ್ಣಾರೆ ಓದಿದ್ದೇನೆ. ಇಡೀ ಸರ್ವಿಸಿನಲ್ಲಿ ಪರೀಕ್ಷಾ ಕೊಠಡಿಯಲ್ಲಿ ನಕಲು ಹಿಡಿದವಳಿಗೆ ಅಷ್ಟೂ ತಿಳಿಯದೆ?

ಈ ಸಲದ ದೂರುಗಳು. ಅಕ್ಷರ ಬಹಳ ಸಣ್ಣದು, ಆಂಡಾಳ್ ಅವರಿಗೆ ಕಾಣುವುದೇ ಇಲ್ಲ. ಆಂಡಾಳ್ ಎಂದರೆ ನಾನೇ, ಮನೆಯಲ್ಲಿ ಹಾಗೆ ಕರೆಯುತ್ತಾರೆ. ಅಕ್ಷರ ದೊಡ್ಡದು ಮಾಡಿದರೆ ಪಕ್ಕದಲ್ಲಿ ಬಿಡಿಸಿದ ಚುಕ್ಕಿ ರಂಗೋಲಿ ಪರದೆಯಿಂದ ಆಚೆ ಹೋಗುತ್ತದೆ. ಎಡಗೈಯಲ್ಲಿ ಮೌಸ್ ಹಿಡಿಯುವವರಿಗೆ ಏನಾದರೂ ದಾರಿ ಮಾಡಿ. ಬಲಗೈಯಲ್ಲಿ ಹಿಡಿಯುವವರಿಗೂ ತೊಂದರೆ ಆಗಬಾರದು. ಸಾರಿನಪುಡಿಯ ಅಳತೆಗೆ ಪಾವು, ಚಟಾಕು ಎಂದು ಬರೆದರೆ ಜಗಲಿ ಅದನ್ನು ತಪ್ಪೆಂದು ಕೆಂಪು ಗೆರೆ ಎಳೆಯುತ್ತದೆ. ಅದು ತಪ್ಪಲ್ಲ.

ಪರದೆ ಆಗಾಗ ನಡುಗುತ್ತದೆ ಎಂದೂ ದೂರಬೇಕೆಂದಿದ್ದೆ. ಆಮೇಲೆ ಅದು ನಿಮ್ಮ ತಪ್ಪಲ್ಲ ಎಂದು ಗೊತ್ತಾಯಿತು. ನಾನು ಕೂರುವುದು ಚಾಮರಾಜಪೇಟೆಯಲ್ಲಿ, ರಾಘವ ಎಂಬುವವರ ಹಿಟ್ಟಿನ ಗಿರಣಿಯ ಮಹಡಿಯಲ್ಲಿ. ಗಿರಣಿ ಶುರುವಾದರೆ ನೆಲ ನಡುಗುತ್ತದೆ.

ಇಂತಿ,
ಸುಬ್ಬಮ್ಮ


5 ಜುಲೈ 2025

ಸುಬ್ಬಮ್ಮ ಮೇಡಂ,

ನೀವು ರವಿಕೆಯ ಅಳತೆ ಲೆಕ್ಕ ಹಾಕುತ್ತೀರಿ, ಚುಕ್ಕಿ ರಂಗೋಲಿ ಬಿಡಿಸುತ್ತೀರಿ, ಸಾರಿನಪುಡಿ ಮಾಡುತ್ತೀರಿ, ಎರಡೂ ಕೈಯಲ್ಲಿ ಮೌಸ್ ಹಿಡಿಯುತ್ತೀರಿ, ಅದೂ ಹಿಟ್ಟಿನ ಗಿರಣಿಯ ಮೇಲೆ ಕೂತು. ಒಬ್ಬರಿಗೆ ಇಷ್ಟೆಲ್ಲ ಹವ್ಯಾಸ ಇರುವುದನ್ನು ನಾನು ನೋಡಿಲ್ಲ. ನನಗೆ ಎರಡು ಹವ್ಯಾಸ ಇಟ್ಟುಕೊಳ್ಳುವುದೇ ಕಷ್ಟ.

ಎಲ್ಲವನ್ನೂ ಬರೆದಿಟ್ಟುಕೊಂಡಿದ್ದೇನೆ. ಆಗಸ್ಟ್ ಆವೃತ್ತಿಯಲ್ಲಿ ಪರದೆಯನ್ನು ಎರಡು ಭಾಗ ಮಾಡಿ, ಒಂದರ ಅಕ್ಷರ ದೊಡ್ಡದು ಮಾಡಿದರೂ ಇನ್ನೊಂದು ಹಾಗೇ ಇರುವಂತೆ ಮಾಡುತ್ತಿದ್ದೇವೆ. ಪಾವು, ಚಟಾಕಿನ ಮೇಲಿನ ಕೆಂಪು ಗೆರೆ ತೆಗೆಸಿದೆ. ನೀವೊಬ್ಬರೇ ಬಳಸುವುದು ಎಂದು ತಿಳಿಸಿದ್ದಕ್ಕೆ ವಂದನೆಗಳು. ನನ್ನ ಅಂದಾಜೂ ಹಾಗೇ ಇತ್ತು.

ನಂದೀಶ್


ಶಂಕರಪುರಂ
3 ಆಗಸ್ಟ್ 2025

ನಂದೀಶ್ ಅವರಿಗೆ,

ಎರಡು ಭಾಗದ ಪರದೆ ಬಹಳ ಚೆನ್ನಾಗಿದೆ. ಎಡಗಡೆ ಬರೆಯುವುದು, ಬಲಗಡೆ ರಂಗೋಲಿ ಅರಳುವುದನ್ನು ನೋಡುವುದು. ನೋಡುತ್ತ ಮಧ್ಯಾಹ್ನದ ಕಾಫಿಯೇ ಮರೆತುಹೋಯಿತು.

ಆದರೆ ಪದ ಪೂರ್ತಿ ಮಾಡಿಕೊಡುವ ಆ ಹೊಸ ಸೌಲಭ್ಯ ಇದೆಯಲ್ಲ, ಅದಕ್ಕೆ ಸ್ವಲ್ಪ ಬುದ್ಧಿ ಹೇಳಿ. ಎರಡು ಅಕ್ಷರ ಒತ್ತುವಷ್ಟರಲ್ಲಿ ‘ಇದನ್ನೇ ಹೇಳಬೇಕೆಂದಿದ್ದಿರಾ?’ ಎಂದು ಮುಂದಿನದನ್ನು ತಾನೇ ಬರೆದುಬಿಡುತ್ತದೆ. ನಮ್ಮ ಯಜಮಾನರಿಗೂ ಇದೇ ಅಭ್ಯಾಸ. ಮದುವೆಯಾದಾಗಿನಿಂದ ನನ್ನ ಒಂದು ವಾಕ್ಯವನ್ನೂ ಅವರು ಮುಗಿಯಲು ಬಿಟ್ಟಿಲ್ಲ, ಮುಗಿಸಿದ್ದು ಒಂದೂ ಸರಿ ಇಲ್ಲ. ಮನೆಯಲ್ಲಿ ಒಬ್ಬರಿದ್ದಾರೆ, ಗಿರಣಿಯಲ್ಲೂ ಬೇಡ. ಕೇಳಿದಾಗ ಮಾತ್ರ ಹೇಳಲಿ.

ಇನ್ನೊಂದು ಮುಖ್ಯ ವಿಷಯ. ತಪ್ಪಾದಾಗ ‘ದೋಷ. ಸಾಲು ಏಳು ಅಮಾನ್ಯ’ ಎಂದು ಬರುತ್ತದೆ. ಅಮಾನ್ಯ ಎಂದು ಓದಿದ ಕೂಡಲೇ ಕಲಿಯುವವಳ ಕೈ ತಣ್ಣಗಾಗುತ್ತದೆ. ಶಾಲೆ ಬಿಟ್ಟ ದಿನ ಕೇಳಿದ ಮಾತೇ ಮತ್ತೆ ಕೇಳಿದಂತೆ ಆಗುತ್ತದೆ. ಬೇರೆಯವರ ವಿಷಯ ನನಗೆ ಗೊತ್ತಿಲ್ಲ, ನನಗೆ ಹಾಗಾಗುತ್ತದೆ. ‘ಏಳನೇ ಸಾಲಿನಲ್ಲಿ ಆವರಣ ಮುಚ್ಚುವುದು ಬಿಟ್ಟುಹೋಗಿದೆ, ನೋಡಿ’ ಎಂದರೆ ಏನು ಹೋಗುತ್ತದೆ? ಏನು ತಪ್ಪು, ಎಲ್ಲಿ ತಪ್ಪು ಎಂದು ಹೇಳಿದರೆ ಯಾರು ಬೇಕಾದರೂ ತಿದ್ದಿಕೊಳ್ಳುತ್ತಾರೆ.

ಗೌರಿ ಗಣೇಶ ಹಬ್ಬ ಬರುತ್ತಿದೆ. ನಿಮ್ಮ ಆಫೀಸಿನ ವಿಳಾಸ ಕೊಡಿ, ಎಷ್ಟು ಜನ ಇದ್ದೀರಿ ಎಂದೂ ತಿಳಿಸಿ. ಚಕ್ಕುಲಿ ಕಳಿಸುತ್ತೇನೆ.

ಸುಬ್ಬಮ್ಮ


ತೇಜಪುರ, ಅಸ್ಸಾಂ
5 ಆಗಸ್ಟ್ 2025

ಮೇಡಂ,

ವಿಳಾಸ ಕೆಳಗೆ ಬರೆದಿದ್ದೇನೆ. ನಾನು ಕೆಲಸ ಮಾಡುವ ಶಾಖೆಯಲ್ಲಿ ಒಟ್ಟು ಹದಿಮೂರು ಜನ ಇದ್ದೇವೆ. ಆದರೆ ದಯವಿಟ್ಟು ತೊಂದರೆ ತೆಗೆದುಕೊಳ್ಳಬೇಡಿ.

ತಪ್ಪು ಹೇಳುವ ಸಾಲುಗಳನ್ನೆಲ್ಲ ಒಂದೊಂದಾಗಿ ಮತ್ತೆ ಬರೆಯುತ್ತಿದ್ದೇನೆ. ಬರೆಯುವಾಗ ನೀವು ಎದುರಿಗೆ ಕೂತಿದ್ದೀರಿ ಎಂದುಕೊಳ್ಳುತ್ತೇನೆ, ಆಗ ಸರಿಯಾದ ಮಾತು ತಾನಾಗಿ ಬರುತ್ತದೆ.

ನಂದೀಶ್


ತೇಜಪುರ
31 ಆಗಸ್ಟ್ 2025

ಮೇಡಂ,

ಪಾರ್ಸಲ್ ಬಂತು. ಚಕ್ಕುಲಿಯ ಜೊತೆ ಕೋಡುಬಳೆಯನ್ನೂ ಇಟ್ಟಿದ್ದೀರಿ. ಅಷ್ಟು ದೂರ ಬಂದರೂ ಪುಡಿಯಾದದ್ದು ಕಡಿಮೆ. ಶಾಖೆಯವರೆಲ್ಲ ಮುಗಿಬಿದ್ದು ತಿಂದರು. ನಮ್ಮ ಮ್ಯಾನೇಜರ್ ಮೊದಲ ಬಾರಿಗೆ ನನ್ನ ಮೇಜಿನ ಹತ್ತಿರ ತಾವಾಗಿ ಬಂದು ಕೂತು, ನಿಮ್ಮೂರು ಯಾವುದು ಎಂದು ಕೇಳಿದರು. ಇಲ್ಲಿಗೆ ಬಂದು ಎರಡು ವರ್ಷವಾಯಿತು, ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕೊನೆಯ ಎರಡು ಕೋಡುಬಳೆಗಳನ್ನು ಯಾರಿಗೂ ಹೇಳದೆ ಮನೆಗೆ ತಂದುಕೊಂಡೆ.

ನಾಳೆ ಸೆಪ್ಟೆಂಬರ್ ಆವೃತ್ತಿ ಬರುತ್ತದೆ. ಪದ ಪೂರ್ತಿ ಮಾಡುವ ಸೌಲಭ್ಯಕ್ಕೆ ಬುದ್ಧಿ ಹೇಳಿದ್ದೇನೆ. ಇನ್ನು ಕರೆದಾಗ ಮಾತ್ರ ಬರುತ್ತದೆ.

ನಂದೀಶ್


ಶಂಕರಪುರಂ
4 ಸೆಪ್ಟೆಂಬರ್ 2025

ನಂದೀಶ್ ಅವರಿಗೆ,

ಕನ್ನಡದ ಎಡಿಟರಿಗೆ ಅಸ್ಸಾಮಿನಲ್ಲಿ ಆಫೀಸು ಏಕೆ ಎಂದು ನಾನು ಕೇಳುವುದಿಲ್ಲ. ದೊಡ್ಡ ಕಂಪನಿಗಳ ಲೆಕ್ಕಾಚಾರವೇ ಬೇರೆ.

ಹೊಸ ಆವೃತ್ತಿ ನೋಡಿದೆ. ನಿನ್ನೆ ಒಂದು ತಪ್ಪಾಯಿತು. ‘ಹನ್ನೆರಡನೇ ಸಾಲು ನೋಡಿ. ಅಳತೆಗೆ ಹೆಸರಿಟ್ಟಿದ್ದೀರಿ, ಅದು ಎಷ್ಟು ಎಂದು ಹೇಳುವುದು ಮರೆತಿದ್ದೀರಿ. ಪರವಾಗಿಲ್ಲ, ಈಗ ಹೇಳಿ’ ಎಂದು ಬಂತು. ಅದನ್ನು ಓದಿ, ಯಾರನ್ನೂ ಕೇಳದೆ, ತಾನೇ ತಿದ್ದಿ, ‘ಓಡಿಸು’ ಒತ್ತಿದಳು. ಓಡಿತು. ಖುಷಿಗೆ ಎದ್ದು ನಿಂತುಬಿಟ್ಟಳು. ಅಂದರೆ ನಾನು ಎದ್ದು ನಿಂತೆ. ಆ ಸಾಲುಗಳನ್ನು ಬರೆದ ಕೈಗೆ ಒಳ್ಳೆಯದಾಗಲಿ. ಈ ತಿಂಗಳು ದೂರು ಇಲ್ಲ. ಇದನ್ನೇ ಅಭ್ಯಾಸ ಮಾಡಿಕೊಳ್ಳಬೇಡಿ.

ಸುಬ್ಬಮ್ಮ


ತೇಜಪುರ
5 ಅಕ್ಟೋಬರ್ 2025

ಮಾನ್ಯ ಸುಬ್ಬಮ್ಮ ಅವರಿಗೆ,

ಅಕ್ಟೋಬರ್ ಆವೃತ್ತಿಯನ್ನು ಎಂದಿನಂತೆ ಒಂದನೇ ತಾರೀಖು ಬಿಟ್ಟೆವು. ಈ ಸಲ ನೀವು ಅದನ್ನು ಇಳಿಸಿಕೊಂಡಂತಿಲ್ಲ. ಪರವಾಗಿಲ್ಲ, ಎಲ್ಲರಿಗೂ ಬೇರೆ ಕೆಲಸ ಇರುತ್ತದೆ.

ಜಗಲಿಯನ್ನು ಇಲ್ಲಿಗೇ ನಿಲ್ಲಿಸಲು ತೀರ್ಮಾನಿಸಿದ್ದೇವೆ. ಡಿಸೆಂಬರ್ ತನಕ ಎಂದು ಹೇಳಿದ್ದೆ, ಆ ಮಾತು ಉಳಿಸಿಕೊಳ್ಳಲಾಗಲಿಲ್ಲ, ಕ್ಷಮಿಸಿ. ಈಗಿರುವ ಆವೃತ್ತಿ ಇನ್ನೂ ಕೆಲವು ಕಾಲ ಓಡುತ್ತದೆ. ಕಂಪ್ಯೂಟರುಗಳು ಹೊಸದಾಗುತ್ತ ಹೋದ ಹಾಗೆ ಒಂದು ದಿನ ತೆರೆಯದೆಯೂ ಹೋಗಬಹುದು. ಅಷ್ಟರಲ್ಲಿ ನೀವು ಬೇರೆ ಎಡಿಟರಿಗೆ ಹೊಂದಿಕೊಳ್ಳುವುದು ಒಳ್ಳೆಯದು.

ನಿಮ್ಮ ಪತ್ರಗಳಿಗೆ ಋಣಿ.

ನಂದೀಶ್


ಶಂಕರಪುರಂ
6 ಅಕ್ಟೋಬರ್ 2025

ನಂದೀಶ್ ಅವರಿಗೆ,

ನಿಮ್ಮ ಪತ್ರ ಓದಿದೆ. ಮೊದಲು ಇಳಿಸಿಕೊಳ್ಳದ ವಿಷಯ ಹೇಳುತ್ತೇನೆ. ಒಂದನೇ ತಾರೀಖು ಆಯುಧಪೂಜೆ. ನೀವು ಕರ್ನಾಟಕದವರಲ್ಲವೇ? ಕಂಪ್ಯೂಟರುಗಳಿಗೆಲ್ಲ ಅರಿಶಿನ ಕುಂಕುಮ ಹಚ್ಚಿ, ಮೌಸುಗಳಿಗೆ ಸೇವಂತಿಗೆ ಮುಡಿಸಿ, ಬೂದುಗುಂಬಳ ಒಡೆದು ಬಾಗಿಲು ಹಾಕಿಕೊಂಡು ಬಂದೆವು. ಪೂಜೆಗೆ ಕೂರಿಸಿದ ಆಯುಧವನ್ನು ಮುಟ್ಟುವುದುಂಟೇ? ಮಾರನೆಯ ದಿನ ವಿಜಯದಶಮಿ, ಆಮೇಲೆ ದಸರಾ ರಜೆ, ಮನೆಯ ಕಂಪ್ಯೂಟರನ್ನೂ ತೆರೆಯಲಿಲ್ಲ. ಇವತ್ತು ಸೋಮವಾರ ಬಾಗಿಲು ತೆಗೆದೆವು. ಬೆಳಿಗ್ಗೆಯೇ ಇಳಿಸಿಕೊಂಡಿದ್ದೇನೆ.

ಇಳಿಸಿಕೊಳ್ಳದ್ದು ನಿಮಗೆ ಅಲ್ಲಿಂದ ಕಾಣುತ್ತದೆ ಎಂದ ಮೇಲೆ ಉಳಿದದ್ದೂ ಕಂಡಿರಬೇಕು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ನನಗೇ ಹೇಳಿಮಾಡಿಸಿದ್ದು. ಸುತ್ತಿ ಬಳಸುವುದು ಬೇಡ, ಇದ್ದದ್ದು ಹೇಳಿಬಿಡುತ್ತೇನೆ. ನಾನೊಬ್ಬಳೇ ಬಳಸುವುದು ಎಂದದ್ದು ಸುಳ್ಳು. ಆಂಡಾಳ್ ನಾನಲ್ಲ. ಅವರು ಬೇರೆ, ಎಪ್ಪತ್ತು ದಾಟಿದ್ದಾರೆ, ರಂಗೋಲಿ ಅವರದು. ರವಿಕೆ ಲೆಕ್ಕ ಕೋಕಿಲಾ ಎಂಬ ಹುಡುಗಿಯದು, ಹೊಲಿಗೆ ಅವಳ ಜೀವನ. ಸಾರಿನಪುಡಿ ಶೈಲಜಮ್ಮನದು. ನನಗೆ ಸಾರಿನಪುಡಿ ಮಾಡಲು ಬರುವುದೇ ಇಲ್ಲ.

ಗಿರಣಿಯ ಮಹಡಿಯಲ್ಲಿ ನಾನು ಹೆಂಗಸರಿಗೆ ಪ್ರೋಗ್ರಾಂ ಬರೆಯುವ ಪಾಠ ಮಾಡುತ್ತೇನೆ. ಅಲ್ಲಿ ಇಂಟರ್ನೆಟ್ ಇಲ್ಲ. ಪ್ರತಿ ತಿಂಗಳೂ ನಿಮ್ಮ ಆವೃತ್ತಿಯನ್ನು ಮನೆಯಲ್ಲಿ ಒಮ್ಮೆ ಇಳಿಸಿಕೊಂಡು, ಪೆನ್‌ಡ್ರೈವಿನಲ್ಲಿ ಹಾಕಿಕೊಂಡು, ಚಾಮರಾಜಪೇಟೆಗೆ ನಡೆದು ಹೋಗಿ ಅಲ್ಲಿನ ಕಂಪ್ಯೂಟರುಗಳಿಗೆಲ್ಲ ಹಾಕುತ್ತೇನೆ. ಅದನ್ನು ಅವರು ತಮ್ಮ ಮನೆಗೆ ಒಯ್ಯುತ್ತಾರೆ. ಕೋಕಿಲಾಳ ತಮ್ಮ ಉಪ್ಪಾರಪೇಟೆಯ ಲಾಡ್ಜಿನಲ್ಲಿ ಕೆಲಸ ಮಾಡುವವನು, ಅಲ್ಲಿಗೆ ಒಯ್ದ. ಅಲ್ಲಿಂದ ಶೇಷಾದ್ರಿಪುರಂನ ಒಂದು ಟ್ಯೂಷನ್ನಿಗೆ ಹೋಯಿತಂತೆ, ಮಲ್ಲೇಶ್ವರದ ಯಾವುದೋ ಶಾಲೆಗೂ ಹೋಯಿತಂತೆ. ಒಬ್ಬರು ವಾರಪತ್ರಿಕೆ ತರಿಸಿದರೆ ಬೀದಿಯೆಲ್ಲ ಓದುವುದು ನಾವು ಬೆಳೆದ ರೀತಿ. ಈಗ ಎಷ್ಟು ಮನೆಯಲ್ಲಿದೆ ಎಂದು ನನಗೂ ಗೊತ್ತಿಲ್ಲ. ನಕಲು ಹಿಡಿಯುತ್ತಿದ್ದವಳೇ ಇಡೀ ಊರಿಗೆ ನಕಲು ಹಂಚಿದೆ.

ಇದರಿಂದ ಕಂಪನಿಗೆ ನಷ್ಟವಾಗಿ ಮುಚ್ಚುತ್ತಿದ್ದೀರಿ ಎಂದು ಅರ್ಥವಾಯಿತು. ಶಿಕ್ಷೆ ನನಗಿರಲಿ, ಜಗಲಿಯನ್ನು ನಿಲ್ಲಿಸಬೇಡಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು, ಇಂಗ್ಲಿಷ್ ಬಾರದು ಎಂದು ಎಲ್ಲ ಕಡೆ ಹಿಂದಿನ ಬೆಂಚಿನಲ್ಲಿ ಕೂತವರು, ಇಲ್ಲಿ ಮುಂದೆ ಬಂದು ಕೂರುತ್ತಾರೆ. ಅದಕ್ಕೆ ಕಾರಣ ನಾನಲ್ಲ, ನಿಮ್ಮ ಜಗಲಿ. ಇವತ್ತು ನಿಮ್ಮ ಸುದ್ದಿಯನ್ನು ಅವರಿಗೆ ಹೇಳದೆ ಎಂದಿನ ಪಾಠವನ್ನೇ ಮಾಡಿ ಬಂದೆ.

ಸುಬ್ಬಮ್ಮ


ತೇಜಪುರ
7 ಅಕ್ಟೋಬರ್ 2025

ಸುಬ್ಬಮ್ಮ ಮೇಡಂ,

ನಿಮ್ಮ ಪತ್ರವನ್ನು ಮಧ್ಯಾಹ್ನ ಊಟದ ಹೊತ್ತಿಗೆ ಓದಿದೆ. ಓದಿ ಜೋರಾಗಿ ನಕ್ಕೆ. ಎಲ್ಲರೂ ತಿರುಗಿ ನೋಡಿದರು. ಆಮೇಲೆ ಕಣ್ಣಲ್ಲಿ ನೀರು ಬಂತು, ಅದನ್ನೂ ನೋಡಿದರು. ಏನಾಯಿತು ಎಂದು ಕೇಳಿದವರಿಗೆ ಊರಿಂದ ಒಳ್ಳೆಯ ಸುದ್ದಿ ಬಂತು ಎಂದೆ.

ನಾನೂ ಇದ್ದದ್ದು ಹೇಳುತ್ತೇನೆ. ಜಗಲಿ ಕಂಪನಿ ಅಂತ ಒಂದಿಲ್ಲ. ತಂಡ ಎಂದರೆ ನಾನೊಬ್ಬನೇ. ಬಟನ್ ಎಡಗಡೆ ಇರಲಿ ಎಂದು ವಾದಿಸಿದವನೂ ನಾನೇ, ಸೋತವನೂ ನಾನೇ. ನಿಮ್ಮ ಚಕ್ಕುಲಿ ತಿಂದ ಹದಿಮೂರು ಜನ ಇಲ್ಲಿನ ಬ್ಯಾಂಕ್ ಶಾಖೆಯವರು. ನಾನು ಶೇಷಾದ್ರಿಪುರಂನವನು, ಬ್ಯಾಂಕಿನ ಗುಮಾಸ್ತನ ಮಗ, ನಾನೂ ಬ್ಯಾಂಕಿನವನೇ. ವರ್ಗವಾಗಿ ಇಲ್ಲಿಗೆ ಬಂದೆ. ಇಲ್ಲಿನವರು ಒಳ್ಳೆಯವರು, ಆದರೆ ಸಂಜೆ ಕೋಣೆಗೆ ಬಂದರೆ ಕನ್ನಡದಲ್ಲಿ ಮಾತಾಡಲು ಯಾರೂ ಇರಲಿಲ್ಲ. ಕಾಲೇಜಿನಲ್ಲಿ ಕಲಿತದ್ದು ಮರೆಯಬಾರದೆಂದು ಎಡಿಟರ್ ಮಾಡಲು ಕೂತೆ. ಮೆನುವಿಗೆ ಕನ್ನಡ ಪದ ಹುಡುಕುತ್ತಾ ಕೂತರೆ ಹೊತ್ತು ಹೋಗುತ್ತಿತ್ತು. ‘ಈ ತಿಂಗಳ ಹೊಸತು’ ಬರೆಯುವಾಗ ಯಾರಿಗೋ ಕಾಗದ ಬರೆಯುತ್ತಿದ್ದೇನೆ ಎನ್ನಿಸುತ್ತಿತ್ತು.

ಯಾರಾದರೂ ಇಳಿಸಿಕೊಂಡರೆ ನನಗೆ ಒಂದು ಅಂಕಿ ಕಾಣುತ್ತದೆ. ಮೊದಮೊದಲು ಕೆಲವರು ಕುತೂಹಲಕ್ಕೆ ನೋಡಿ ಹೋದರು. ಈ ವರ್ಷವಿಡೀ ತಿಂಗಳಿಗೆ ಒಂದೇ. ಆ ಒಂದು ನೀವು. ನೀವೊಬ್ಬರೇ ಎಂದು ನೀವೇ ಬರೆದ ಮೇಲೆ ಅನುಮಾನವೂ ಉಳಿಯಲಿಲ್ಲ. ಆದರೂ ಆ ಒಬ್ಬರಿಗಾಗಿ ಕೂತು ಮಾಡುವುದು ನನಗೆ ಇಷ್ಟವಾಗಿತ್ತು. ಈ ತಿಂಗಳು ಒಂದು, ಎರಡು, ಮೂರು ಎಂದು ದಿನ ಕಳೆದರೂ ಅಂಕಿ ಸೊನ್ನೆಯಲ್ಲೇ ನಿಂತಿತು. ಹೊರಗೆ ದುರ್ಗಾಪೂಜೆಯ ಡೋಲು ಬಡಿಯುತ್ತಿತ್ತು. ನಮ್ಮ ಕಡೆ ಅದೇ ದಿನ ಆಯುಧಪೂಜೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಚಿಕ್ಕಂದಿನಲ್ಲಿ ನಮ್ಮಪ್ಪನ ಸೈಕಲ್ಲಿಗೆ ನಾನೇ ಕುಂಕುಮ ಹಚ್ಚುತ್ತಿದ್ದವನು. ನೀವೂ ಬಿಟ್ಟುಹೋದಿರಿ ಎಂದುಕೊಂಡು ಆ ಪತ್ರ ಬರೆದೆ.

ಒಬ್ಬರ ಬಳಕೆಗೆ ಮಾತ್ರ, ನಕಲು ಶಿಕ್ಷಾರ್ಹ ಎಂಬ ಸಾಲನ್ನು ನಾನು ಬೇರೆ ಯಾವುದೋ ಸಾಫ್ಟ್‌ವೇರ್ ನೋಡಿ, ಹೀಗೆಲ್ಲ ಹಾಕಬೇಕೇನೋ ಎಂದು ಹಾಕಿದ್ದೆ. ಆಮೇಲೆ ಅದನ್ನು ಓದಿಯೂ ಇಲ್ಲ. ಅದೂ ಒಂದು ನಕಲೇ. ನವೆಂಬರ್ ಆವೃತ್ತಿಯಲ್ಲಿ ಅದನ್ನು ಕಿತ್ತು ಹಾಕುತ್ತೇನೆ. ಹೌದು ಮೇಡಂ, ನವೆಂಬರ್ ಆವೃತ್ತಿ ಇದೆ.

ನಂದೀಶ್


ಶಂಕರಪುರಂ
2 ನವೆಂಬರ್ 2025

ಚಿರಂಜೀವಿ ನಂದೀಶನಿಗೆ ಆಶೀರ್ವಾದಗಳು,

ಇನ್ನು ಬಹುವಚನ ಸಾಕು. ನನ್ನ ಶಿಷ್ಯರ ವಯಸ್ಸಿನವನು ನೀನು, ಮೇಲಾಗಿ ಹದಿಮೂರು ಜನರ ಚಕ್ಕುಲಿಯನ್ನು ಸುಳ್ಳು ಹೇಳಿ ತರಿಸಿಕೊಂಡವನು. ಸುಳ್ಳಿನ ಲೆಕ್ಕದಲ್ಲಿ ನಾವಿಬ್ಬರೂ ಸರಿಸಮ.

ನವೆಂಬರ್ ಆವೃತ್ತಿ ತೆರೆದಾಗ ಬಂದ ಹೊಸ ಸಾಲನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಿದೆ. ‘ಇದು ನಿಮ್ಮದು. ಬೇಕಾದವರಿಗೆಲ್ಲ ಕೊಡಿ.’ ಶೈಲಜಮ್ಮ, ‘ಕೊಟ್ಟಾಗಿದೆ ಬಿಡಿ’ ಎಂದರು. ಎಲ್ಲರೂ ನಕ್ಕರು, ಕೆಳಗಿನಿಂದ ರಾಘವ ಗಿರಣಿ ನಿಲ್ಲಿಸಿ ಏನಾಯಿತು ಎಂದು ಕೇಳಿದರು. ಜಗಲಿ ಮಾಡುವವನು ಒಬ್ಬನೇ, ಅಷ್ಟು ದೂರದಲ್ಲಿದ್ದಾನೆ ಎಂಬುದನ್ನು ಮಾತ್ರ ನಾನು ಯಾರಿಗೂ ಹೇಳಿಲ್ಲ. ಅದು ನೀನೇ ಹೇಳಬೇಕಾದದ್ದು. ರಜೆಗೆ ಊರಿಗೆ ಬಂದಾಗ ಗಿರಣಿಗೆ ಬಾ.

ಸುಬ್ಬಮ್ಮ


ಶೇಷಾದ್ರಿಪುರಂ
24 ಡಿಸೆಂಬರ್ 2025

ಮೇಡಂ,

ಹೇಳದೆ ಬಂದದ್ದು ನನ್ನ ತಪ್ಪು. ಮೊನ್ನೆ ಸೋಮವಾರ ಗಿರಣಿಗೆ ಹೋದೆ. ನೀವು ತಂಗಿಯ ಮೊಮ್ಮಗುವಿನ ನಾಮಕರಣಕ್ಕೆ ನಂಜನಗೂಡಿಗೆ ಹೋಗಿದ್ದೀರಿ ಎಂದು ಕೆಳಗೆ ರಾಘವ ಅವರು ಹೇಳಿದರು. ವಾಪಸು ಹೊರಟಿದ್ದೆ. ಅಷ್ಟರಲ್ಲಿ ಮೇಲಿಂದ ಯಾರೋ, ‘ಅಯ್ಯೋ, ಬುಟ್ಟಿಲಿದೆ ನೋಡೇ, ಜಗಲಿ ಯಾವ್ದನ್ನೂ ಬಿಸಾಕಲ್ಲ’ ಎನ್ನುವುದು ಕೇಳಿಸಿತು. ಕಾಲು ತಾನಾಗಿ ಮೆಟ್ಟಿಲು ಹತ್ತಿತು.

ಬಾಗಿಲಲ್ಲಿ ನಿಂತು ನೋಡಿದೆ. ಅಷ್ಟೂ ಪರದೆಗಳಲ್ಲಿ ಜಗಲಿ. ನನ್ನ ಕೋಣೆಯ ಒಂದು ಪರದೆ ಬಿಟ್ಟು ಬೇರೆ ಎಲ್ಲೂ ನಾನು ಅದನ್ನು ಕಂಡೇ ಇರಲಿಲ್ಲ. ಒಬ್ಬಾಕೆ ಅದನ್ನು ಬೈಯುತ್ತಿದ್ದರು, ಇನ್ನೊಬ್ಬಾಕೆ ಅದರ ಪರವಾಗಿ ಜಗಳಕ್ಕೆ ನಿಂತಿದ್ದರು. ಗಿರಣಿಯ ಸದ್ದಿಗೆ ಎಲ್ಲರೂ ಕೂಗಿಕೊಂಡೇ ಮಾತಾಡುತ್ತಿದ್ದರು. ಇಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ ಮೇಡಂ. ನಾನು ಯಾರೆಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಬಾಗಿಲ ಹತ್ತಿರ ಕೂತಿದ್ದ ವಯಸ್ಸಾದವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, ‘ಹೊಸಬ್ರಾ? ಗಂಡಸ್ರನ್ನ ಸೇರಿಸ್ಕೊಳ್ತಾರೋ ಇಲ್ವೋ ಗೊತ್ತಿಲ್ಲ. ಚಪ್ಪಲಿ ಅಲ್ಲಿ ಬಿಡಿ, ಬನ್ನಿ ಕೂತ್ಕೊಳ್ಳಿ, ನಾನ್ ಹೇಳ್ಕೊಡ್ತೀನಿ’ ಎಂದರು. ಅವರೇ ಆಂಡಾಳ್ ಎಂದು ರಂಗೋಲಿ ನೋಡಿ ಗೊತ್ತಾಯಿತು.

ಕೂತೆ. ಅವರು ನನಗೆ ಜಗಲಿ ಕಲಿಸಿದರು. ‘ಇದು ಓಡ್ಸು. ಇದು ಅಳ್ಸು. ಹೆದರ್ಬೇಡಿ, ತಪ್ಪಾದ್ರೆ ಬೈಯಲ್ಲ, ಎಲ್ಲಿ ತಪ್ಪಾಯ್ತು ಅಂತ ಹೇಳತ್ತೆ’ ಎಂದರು. ನಾನು ಎಲ್ಲದಕ್ಕೂ ತಲೆ ಆಡಿಸಿದೆ. ಧನುರ್ಮಾಸಕ್ಕೆ ದಿನಕ್ಕೊಂದು ರಂಗೋಲಿಯಂತೆ ಬರೆಯುತ್ತಿದ್ದಾರೆ. ಹಿಂದಿನ ದಿನದ್ದನ್ನು ಬುಟ್ಟಿಯಿಂದ ಎತ್ತಿ, ಎರಡು ಭಾಗದ ಪರದೆಯಲ್ಲಿ ಇವತ್ತಿನದರ ಪಕ್ಕದಲ್ಲಿಟ್ಟು, ಯಾವ ಚುಕ್ಕಿ ಎಲ್ಲಿಗೆ ಹೋಯಿತು ಎಂದು ತೋರಿಸಿದರು. ಹಾಗೆ ಮಾಡಬಹುದು ಎಂದು ನನಗೇ ಗೊತ್ತಿರಲಿಲ್ಲ. ಒಂದೇ ಕಡತವನ್ನು ಏಳೆಂಟು ಸಲ ಉಳಿಸುತ್ತಾರೆ, ಒಂದು ಸಲ ಸಾಕು ಎಂದು ಹೇಳಲು ಹೋದೆ. ‘ನಿಮ್ಗಿನ್ನೂ ಗೊತ್ತಾಗಲ್ಲ’ ಎಂದರು.

ಮಧ್ಯೆ ಒಂದು ಸಲ ಅವರು ಹುಡುಕುತ್ತಿದ್ದ ಮೆನು ಸಿಗಲಿಲ್ಲ. ಡಿಸೆಂಬರ್ ಆವೃತ್ತಿಯಲ್ಲಿ ನಾನು ಅದನ್ನು ಒಂದು ಮನೆ ಕೆಳಗೆ ಇಳಿಸಿದ್ದೆ. ಅವರು ಹುಡುಕುತ್ತಲೇ, ‘ಎಡಿಟರ್ ಒಳ್ಳೇದು, ಇದನ್ನ್ ಮಾಡ್ದೋರ್ಗೆ ಸ್ವಲ್ಪ ಕೈ ಸುಮ್ನಿರಲ್ಲ. ತಿಂಗ್ಳು ತಿಂಗ್ಳು ಏನಾದ್ರೂ ಬದಲಾಯಿಸ್ತಾ ಇರ್ತಾರೆ. ಮನೇಲಿ ಮಾತಾಡೋಕ್ಕೆ ಯಾರೂ ಇಲ್ವೋ ಏನೋ, ಪಾಪ’ ಎಂದರು.

ಆಮೇಲೆ ನಾನು ಯಾರೆಂದು ಹೇಳಲು ನನ್ನಿಂದ ಆಗಲಿಲ್ಲ. ಅವರ ಜೊತೆ ನಾನೂ ಆ ಮೆನು ಹುಡುಕುವವನಂತೆ ಕೂತೆ. ಹೊರಟಾಗ, ‘ನಾಳೆನೂ ಬನ್ನಿ, ಬೇಗ ಕಲೀತೀರಿ’ ಎಂದರು. ನಾಳೆ ರಾತ್ರಿಯ ರೈಲಿಗೆ ತೇಜಪುರಕ್ಕೆ ಹೊರಡುತ್ತಿದ್ದೇನೆ. ನೀವು ಬಂದ ಮೇಲೆ ಅವರಿಗೆ ವಿಷಯ ಹೇಳಿ, ನನ್ನ ನಮಸ್ಕಾರ ತಿಳಿಸಿ.

ನಂದೀಶ್


ಶಂಕರಪುರಂ
2 ಜನವರಿ 2026

ಚಿರಂಜೀವಿ ನಂದೀಶನಿಗೆ,

ನಾನಿಲ್ಲದ ದಿನವೇ ನೋಡಿಕೊಂಡು ಬಂದೆಯಲ್ಲ, ನಿನಗೆ ಏನು ಹೇಳಲಿ. ನಂಜನಗೂಡಿನಲ್ಲಿ ಹೋಳಿಗೆ ತಿನ್ನುತ್ತಾ ಕೂತಿದ್ದೆ ಎಂದು ಈಗ ಹೊಟ್ಟೆ ಉರಿಯುತ್ತಿದೆ. ರಜೆ ಸಿಕ್ಕ ಕೂಡಲೇ ಮತ್ತೆ ಬಾ, ಮೊದಲೇ ತಿಳಿಸಿ ಬಾ.

ಜನವರಿ ಆವೃತ್ತಿಯನ್ನು ಇವತ್ತು ಗಿರಣಿಯಲ್ಲಿ ಹಾಕಿದೆವು. ಬುಟ್ಟಿಯಲ್ಲಿದ್ದ ಹಳೆಯದನ್ನು ಪಕ್ಕದಲ್ಲಿಟ್ಟು ನೋಡಲು ಹೊಸ ಬಟನ್ ಮಾಡಿ, ಅದಕ್ಕೆ ‘ನಿನ್ನೆ ಇವತ್ತು’ ಎಂದು ಹೆಸರಿಟ್ಟಿದ್ದೀಯೆ. ಅದನ್ನು ನೋಡಿ ಆಂಡಾಳ್, ‘ಇದು ನಾನ್ ಮಾಡೋ ಹಾಗೇ ಇದೆಯಲ್ಲ, ಅವರಿಗ್ ಹೇಗ್ ಗೊತ್ತಾಯ್ತು?’ ಎಂದರು. ಆಗ ಹೇಳಿದೆ. ಮೊನ್ನೆ ನಿಮ್ಮ ಪಕ್ಕ ಕೂತು ಕಲಿತು ಹೋದ ಹುಡುಗನೇ ಜಗಲಿ ಮಾಡಿದವನು, ಅವನೊಬ್ಬನೇ ಮಾಡುವುದು, ಅಸ್ಸಾಮಿನಲ್ಲಿ ಇರುತ್ತಾನೆ, ನೀವು ಹೇಳಿದ್ದು ನಿಜ, ಅಲ್ಲಿ ಮಾತಾಡಲು ಅವನಿಗೆ ಯಾರೂ ಇಲ್ಲ ಎಂದೆ.

ತರಗತಿಯೆಲ್ಲ ಆಂಡಾಳ್ ಕಡೆ ತಿರುಗಿತು. ಎಪ್ಪತ್ತು ದಾಟಿದವರು ನಾಚಿಕೊಳ್ಳುತ್ತಾರೇನೋ ಎಂದು ನನಗೆ ಅಳುಕಿತ್ತು. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಂಡರು. ಆಮೇಲೆ, ‘ಹಾಗಾದ್ರೆ ಅವನಿಗೆ ಬರೀರಿ. ತಿಂಗ್ಳು ತಿಂಗ್ಳು ಏನ್ ಬೇಕಾದ್ರೂ ಬದಲಾಯಿಸ್ತಾ ಇರ್ಲಿ. ಹುಡುಕ್ಕೊಳ್ಳೋಕೆ ನಾವಿದೀವಿ’ ಎಂದರು.

ಸುಬ್ಬಮ್ಮ